ಕನ್ನಡ ಬ್ಲಾಗ್ ಬರವಣಿಗೆ

ಬ್ಲಾಗ್ ಎಂಬುದು ಒಬ್ಬ ವ್ಯಕ್ತಿ ಅಥವಾ ಸಣ್ಣ ಗುಂಪು ಅಂತರಜಾಲದಲ್ಲಿ ನಡೆಸುವ ಬರಹತಾಣ. ಇದರಲ್ಲಿ ಬರಹಗಳು ದಿನಾಂಕದೊಡನೆ ಪ್ರಕಟವಾಗುತ್ತವೆ. ಸಾಮಾನ್ಯವಾಗಿ ಹೊಸ ಬರಹ ಮೇಲೆಯೂ ಹಳೆಯವು ಅದರ ಕೆಳಗೂ ಇರುತ್ತವೆ. ದಿನಚರಿಯಂತೆ ಸ್ವಾನುಭವವನ್ನು ಹೇಳಲು ಮತ್ತು ಪತ್ರಿಕೆಯಂತೆ ಸುದ್ದಿಯನ್ನು ತಿಳಿಸಲು ಈ ಮಾಧ್ಯಮ ಬಳಕೆಯಲ್ಲಿದೆ.

ಹಿನ್ನೆಲೆ

1997ರಲ್ಲಿ ಅಮೆರಿಕದ ಜಾರ್ನ್ ಬಾರ್ಗರ್ ಬಳಸಿದ ‘ವೆಬ್‌ಲಾಗ್’ ಎಂಬ ಪದ 1999ರಲ್ಲಿ ‘ಬ್ಲಾಗ್’ ಎಂದು ಮೊಟಕಾಯಿತು. ಅದೇ ವರ್ಷ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಆರಂಭವಾದವು. ಕನ್ನಡದಲ್ಲಿ 1998ರ ‘ಬರಹ’ ತಂತ್ರಾಂಶವು ಬೆರಳಚ್ಚನ್ನು ಸುಲಭಗೊಳಿಸಿತು. ಆದರೆ ಆಗ ಒಂದು ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ಓದಲಾಗುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ಒದಗಿಸಿತು. ಯುನಿಕೋಡ್ ಬಳಕೆ ಹೆಚ್ಚಿದಂತೆ ಈ ತೊಡಕು ಕಡಿಮೆಯಾಗಿ, ಕನ್ನಡ ಬರಹಗಳು ಹುಡುಕಾಟದಲ್ಲಿಯೂ ದೊರೆಯತೊಡಗಿದವು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ವನ್ನು ಆರಂಭಿಸಿದರು. ಪತ್ರಕರ್ತ ಜಿ. ಎನ್. ಮೋಹನ್ ಅವರ ‘ಅವಧಿ’ ಸಾಹಿತ್ಯ ಮತ್ತು ಸಂಸ್ಕೃತಿಯ ಬರಹಗಳಿಗೆ ಹೆಸರಾಯಿತು.

ಸ್ಥಳೀಯ ಪತ್ರಿಕೋದ್ಯಮ

ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಹಳ್ಳಿಗೆ ದೊರೆಯುವ ಸ್ಥಳ ಅಲ್ಪ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಗೆ ಸೇರಿದ್ದರೂ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿವೆ. ಇವುಗಳಲ್ಲಿ ಪಾವಗಡವು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದೆ. ಕೊಳವೆಬಾವಿ ನೀರಿನ ಫ್ಲೋರೈಡ್ ಅಂಶ, ಮಳೆಯ ಕೊರತೆ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಸ್ಥಾಪಿತವಾದ 2,050 ಮೆಗಾವ್ಯಾಟ್ ಸೌರ ಉದ್ಯಾನ ಇವು ಅಲ್ಲಿನ ಮುಖ್ಯ ವಿಷಯಗಳು. ಇಂತಹ ಊರಿನ ನಿವಾಸಿಯೊಬ್ಬರು ನೀರು ಹೊತ್ತ ಬಾಲ್ಯವನ್ನು ನೆನೆದು ಬರೆದರೆ ಅದು ಆತ್ಮಾಭಿವ್ಯಕ್ತಿ. ಅವರೇ ಬಾವಿಯ ಸ್ಥಳ, ನೀರಿನ ಪರೀಕ್ಷಾ ವರದಿ ಮತ್ತು ಅಧಿಕಾರಿಗಳ ಉತ್ತರವನ್ನು ದಿನಾಂಕಸಹಿತ ದಾಖಲಿಸಿದರೆ ಅದು ಪತ್ರಿಕೋದ್ಯಮ. ಹೀಗೆ ಎರಡನ್ನೂ ಬೇರ್ಪಡಿಸುವುದು ಬರಹಗಾರರ ಹುದ್ದೆಯಲ್ಲ, ಪರಿಶೀಲನೆಯ ಕ್ರಮ.

ಕಾನೂನು ಮತ್ತು ಹೊಣೆ

ಸಂವಿಧಾನದ 19(1)(ಎ) ವಿಧಿಯ ವಾಕ್‌ಸ್ವಾತಂತ್ರ್ಯವು ಪತ್ರಕರ್ತರಿಗೂ ಬ್ಲಾಗಿಗರಿಗೂ ಸಮಾನ. ಅಂತರಜಾಲದ ಬರಹಗಳಿಗಾಗಿ ಬಂಧನಕ್ಕೆ ಅವಕಾಶ ನೀಡಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸರ್ವೋಚ್ಚ ನ್ಯಾಯಾಲಯವು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆದರೆ ಮಾನನಷ್ಟವು ಈಗಲೂ ಅಪರಾಧವಾಗಿದೆ (ಭಾರತೀಯ ನ್ಯಾಯ ಸಂಹಿತೆ, ಸೆಕ್ಷನ್ 356). ಪತ್ರಿಕೆಯಲ್ಲಿ ಸಂಪಾದಕರು ತಪ್ಪನ್ನು ತಡೆಯುತ್ತಾರೆ, ಸಂಸ್ಥೆಯು ಮೊಕದ್ದಮೆಯನ್ನು ಎದುರಿಸುತ್ತದೆ. ಒಬ್ಬರೇ ನಡೆಸುವ ಬ್ಲಾಗಿನಲ್ಲಿ ಈ ಎರಡು ಹೊಣೆಗಳೂ ಬರೆದವರ ಮೇಲೆಯೇ ಬೀಳುತ್ತವೆ.