ವಿಕ್ರಾಂತ್ ಹೋಯಿತು, ಚಪಲ್ ಉಳಿಯಿತು: ಯುದ್ಧನೌಕೆ ನೋಡಲು ಎಲ್ಲಿಗೆ ಹೋಗಬೇಕು?

ತಳಿ, ದೆಂಕಣಿಕೋಟೆ, ಬಾಗಲೂರು ಕಡೆಯ ನಮಗೆ ಸಮುದ್ರ ಎಂದರೆ ದೂರದ ಮಾತು. ಕೃಷ್ಣಗಿರಿ ಅಣೆಕಟ್ಟೇ ನಮ್ಮ ಸಮುದ್ರ! ಮಕ್ಕಳು ಪುಸ್ತಕದಲ್ಲಿ ವಿಮಾನವಾಹಕ ನೌಕೆಯ ಚಿತ್ರ ನೋಡಿ, "ಇದನ್ನು ಹತ್ತಿ ನೋಡಬಹುದಾ?" ಎಂದು ಕೇಳಿದರೆ ಏನು ಹೇಳುವುದು? ಹಿಂದೆ ನೋಡಬಹುದಿತ್ತು. ಈಗ ನಮ್ಮ ದೇಶದಲ್ಲಿ ಅಂಥ ಮ್ಯೂಸಿಯಂ ಇಲ್ಲ.

ಭಾರತದ ಮೊದಲ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್. ಬ್ರಿಟನ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಹಡಗನ್ನು ಭಾರತ 1957ರಲ್ಲಿ ಕೊಂಡಿತು. 1961ರಲ್ಲಿ ಅದು ನೌಕಾಪಡೆಗೆ ಸೇರಿತು. ಉದ್ದ ಸುಮಾರು 700 ಅಡಿ. 1971ರ ಯುದ್ಧದಲ್ಲಿ ಇದರ ಮೇಲಿಂದ ಹಾರಿದ ಸೀ ಹಾಕ್ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಹಡಗಿನ ಮೇಲೆ ಉದ್ದನೆಯ ರನ್‌ವೇಗೆ ಜಾಗವೆಲ್ಲಿ? ಅದಕ್ಕೇ ಹಬೆಯ ಬಲದಿಂದ ವಿಮಾನವನ್ನು ಕವಣೆ ಕಲ್ಲಿನಂತೆ ಮುಂದಕ್ಕೆ ಎಸೆಯುತ್ತಿದ್ದರು. ಇಳಿಯುವಾಗ ಬಾಲದ ಕೊಕ್ಕೆ ಅಡ್ಡ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿ ವಿಮಾನ ನಿಲ್ಲುತ್ತಿತ್ತು.

1997ರಲ್ಲಿ ನಿವೃತ್ತಿಯಾದ ವಿಕ್ರಾಂತ್ ಮುಂಬೈಯಲ್ಲಿ ಮ್ಯೂಸಿಯಂ ಆಯಿತು. ಜನ ಡೆಕ್ ಮೇಲೆ ಓಡಾಡಿದರು, ಒಳಗಿಟ್ಟ ಹಳೆಯ ವಿಮಾನಗಳನ್ನು ನೋಡಿದರು. ಆದರೆ 2012ರಲ್ಲಿ ಸುರಕ್ಷತೆಯ ಕಾರಣದಿಂದ ಪ್ರವೇಶ ನಿಂತಿತು. ಸುಮಾರು 60 ಕೋಟಿ ರೂಪಾಯಿಗೆ ಹರಾಜಾದ ಹಡಗನ್ನು 2014ರಲ್ಲಿ ಒಡೆಯತೊಡಗಿದರು. ಅದರ ಲೋಹ ಸೇರಿಸಿ 2016ರಲ್ಲಿ ಬಜಾಜ್ ವಿ ಬೈಕ್ ಬಂತು. ಬೈಕ್ ತಯಾರಿಸುವ ಊರಾದ ಹೊಸೂರಿನವರಿಗೆ ಇದು ನೆನಪಿರಬಹುದು. 2017ರಲ್ಲಿ ನಿವೃತ್ತಿಯಾದ ಐಎನ್‌ಎಸ್ ವಿರಾಟ್ ಕೂಡ 2020ರಲ್ಲಿ ಗುಜರಾತಿನ ಅಲಂಗ್ ಗುಜರಿ ಅಂಗಳ ಸೇರಿತು.

ಉಳಿಸಿಕೊಳ್ಳಲು ಏಕೆ ಆಗಲಿಲ್ಲ? ಉಪ್ಪು ನೀರಿನಲ್ಲಿ ನಿಂತ ಕಬ್ಬಿಣ ದಿನವೂ ತುಕ್ಕು ಹಿಡಿಯುತ್ತದೆ. ನೀರಿನ ಕೆಳಗಿನ ತಳವನ್ನು ದುರಸ್ತಿ ಮಾಡಲು ಹಡಗನ್ನು ಒಣ ಕಟ್ಟೆಗೆ ಒಯ್ಯಬೇಕು. ಸಾವಿರಾರು ಟನ್ ತೂಕದ ಹಡಗಿಗೆ ಇದು ಭಾರೀ ಖರ್ಚು. ಅಮೆರಿಕದಲ್ಲಿ ನ್ಯೂಯಾರ್ಕಿನ ಇಂಟ್ರೆಪಿಡ್, ಸ್ಯಾನ್ ಡಿಯೆಗೊದ ಮಿಡ್‌ವೇ ಇಂದಿಗೂ ನಿಂತಿವೆ. ನಮ್ಮಲ್ಲಿ ಅಭಿಮಾನಕ್ಕೆ ಕೊರತೆ ಇರಲಿಲ್ಲ, ಹಣಕ್ಕೆ ಇತ್ತು.

ಚಿಕ್ಕ ಹಡಗುಗಳ ಅದೃಷ್ಟ ಬೇರೆ. ಅವನ್ನು ನೀರಿನಿಂದ ಎತ್ತಿ ದಡದಲ್ಲೇ ಕೂರಿಸಬಹುದು. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 2006ರಿಂದ ಇರುವ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ಹಾಗೆ ಉಳಿದದ್ದು. 1976ರಲ್ಲಿ ಸೇವೆಗೆ ಸೇರಿ 2005ರಲ್ಲಿ ನಿವೃತ್ತಿಯಾದ ನೌಕೆ ಇದು. ನಾವಿಕರ ಬೊಂಬೆಗಳನ್ನಿಟ್ಟಿರುವ ಇಕ್ಕಟ್ಟಾದ ಕೋಣೆಗಳನ್ನು ನೋಡಿದರೆ ಅವರ ಬದುಕು ಎಂಥದ್ದೆಂದು ತಿಳಿಯುತ್ತದೆ. ವಿಶಾಖಪಟ್ಟಣದ ಕಡಲತೀರದಲ್ಲಿ ಜಲಾಂತರ್ಗಾಮಿ ಐಎನ್‌ಎಸ್ ಕುರ್ಸುರ 2002ರಿಂದ ಮ್ಯೂಸಿಯಂ ಆಗಿದೆ. ವಿಕ್ರಾಂತ್ ಮೇಲಿಂದ ಹಾರುತ್ತಿದ್ದ ಸೀ ಹಾಕ್, ಅಲಿಝೆ ಮಾದರಿಯ ವಿಮಾನಗಳನ್ನು ಗೋವಾದ ಬೋಗ್ಮಾಲೊ ಬಳಿಯ ನೌಕಾ ವಿಮಾನ ಮ್ಯೂಸಿಯಂನಲ್ಲಿ ನೋಡಬಹುದು.

ಹೊಸೂರಿನಿಂದ ಬೆಂಗಳೂರು ತಲುಪಿ ಕಾರವಾರದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕಡಲೂರು. ಅಲ್ಲಿಂದ ಗೋವಾ ಕೂಡ ದೂರವಲ್ಲ. ಹೊರಡುವ ಮೊದಲು ಮ್ಯೂಸಿಯಂ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ರಜೆಯಲ್ಲಿ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹಳೆಯ ಹಡಗುಗಳು ನಮಗಾಗಿ ಕಾಯುವುದಿಲ್ಲ ಎಂಬುದನ್ನು ವಿಕ್ರಾಂತ್ ಆಗಲೇ ತೋರಿಸಿಕೊಟ್ಟಿದೆ.