ಆಮೆಮರಿ ತರುವ ಮೊದಲು ತೊಟ್ಟಿ ಕಟ್ಟಿಸಿ!

"ಅಮ್ಮ, ನಂಗೊಂದ್ ಆಮಿ ಬೇಕ್!" ಎಂದು ಮಕ್ಕಳು ಹಠ ಹಿಡಿದರೆ ಕುಂದಾಪುರವಾಗಲಿ, ಬ್ರಹ್ಮಾವರವಾಗಲಿ, ಯಾವ ತಾಯಿಯ ಮನಸ್ಸು ಕರಗದು? ಆದರೆ ಸ್ವಲ್ಪ ತಾಳಿ. ಅಲಂಕಾರ ಮೀನಿನ ಅಂಗಡಿಯಲ್ಲಿ ಸಿಗುವ, ಕಣ್ಣ ಹಿಂದೆ ಕೆಂಪು ಪಟ್ಟೆಯುಳ್ಳ ಮರಿ ಅಮೆರಿಕ ಮೂಲದ 'ರೆಡ್ ಇಯರ್ಡ್ ಸ್ಲೈಡರ್'. ಇಂದು ಅಂಗೈಯಲ್ಲಿ ಕೂರುವ ಇದು ಹೆಣ್ಣಾದರೆ 10 ಅಂಗುಲ ಬೆಳೆದೀತು. 20-30 ವರ್ಷ ಬದುಕೀತು. ಹಠ ಮಾಡಿದ ಮಗಳು ಮದುವೆಯಾಗಿ ಹೋದ ಮೇಲೂ ಅದರ ಚಾಕರಿ ಅಮ್ಮನಿಗೇ!

ಗದ್ದೆ, ಕೆರೆಯಲ್ಲಿ ಸಿಕ್ಕಿದ ನಮ್ಮೂರಿನ ಆಮೆಯನ್ನೇ ಸಾಕೋಣವೆಂದರೆ ಅದೂ ಆಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ.

ತೊಟ್ಟಿ ಹೇಗಿರಬೇಕು?

ಚಿಪ್ಪಿನ ಒಂದೊಂದು ಅಂಗುಲಕ್ಕೆ ಸುಮಾರು 40 ಲೀಟರ್ ನೀರು ಬೇಕೆಂಬುದು ಸಾಕುವವರ ಲೆಕ್ಕ. ಬೆಳೆದ ಆಮೆಗೆ 400 ಲೀಟರ್ ಆಯಿತಲ್ಲ! ಗಾಜಿನ ಪೆಟ್ಟಿಗೆಗಿಂತ ಅಂಗಳದಲ್ಲಿ 5 ಅಡಿ ಉದ್ದ, ಎರಡೂವರೆ ಅಡಿ ಅಗಲದ ಸಿಮೆಂಟು ತೊಟ್ಟಿ ಮೇಲು. ಒಂದೂಕಾಲು ಅಡಿ ನೀರು ನಿಲ್ಲಲಿ. ಹತ್ತಿ ಹೋಗದಂತೆ ಗೋಡೆ ಅದಕ್ಕಿಂತ ಒಂದಡಿ ಎತ್ತರವಿರಲಿ. ಹೊಸ ಸಿಮೆಂಟಿನ ಕ್ಷಾರ ಹೋಗುವಂತೆ ಕೆಲವು ವಾರ ನೀರು ತುಂಬಿ ಚೆಲ್ಲುತ್ತಿರಿ.

ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಚಪ್ಪಟೆ ಕಲ್ಲು ನೀರಿನ ಮೇಲೆ ಬರುವಂತಿರಲಿ. ಅರ್ಧ ತೊಟ್ಟಿಗೆ ಬಿಸಿಲು, ಅರ್ಧಕ್ಕೆ ನೆರಳು. ಕಾಗೆ, ನಾಯಿಗಳ ಕಾಟಕ್ಕೆ ಮೇಲೊಂದು ಬಲೆ. ಬಿಸಿಲಿಲ್ಲದೆ ಚಿಪ್ಪು ಮೆತ್ತಗಾಗುತ್ತದೆ. ಕಿಟಕಿ ಗಾಜಿನೊಳಗಿಂದ ಬರುವ ಬಿಸಿಲು ಸಾಲದು. ಬೈಂದೂರಿನ ಮಳೆಗಾಲದಲ್ಲಿ ಸೂರ್ಯನೇ ಕಾಣನಲ್ಲ, ಆಗ ಯುವಿಬಿ ದೀಪ ಬೇಕು.

ಊಟ, ಶುಚಿ

ಅನ್ನ, ದೋಸೆ ಬೇಡ. ಎಲೆ, ಸೊಪ್ಪು, ಎರೆಹುಳು, ಸಣ್ಣ ಮೀನು, ಅಂಗಡಿಯ ಆಮೆ ಆಹಾರ ಬದಲಿಸಿ ಬದಲಿಸಿ ಕೊಡಿ. ಒಣಸೀಗಡಿಯೊಂದನ್ನೇ ನೆಚ್ಚಬೇಡಿ. ನೀರು ಸೋಸುವ ಯಂತ್ರವಿದ್ದರೂ ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಲೇಬೇಕು.

ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ವಾಂತಿ ಭೇದಿ ತರುತ್ತದೆ. ಮಕ್ಕಳಿಗೆ ಈ ರೋಗ ಹರಡಿದ್ದರಿಂದಲೇ ಅಮೆರಿಕ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಕೈ ಸೋಪಿನಲ್ಲಿ ತೊಳೆಸಿ. ಅಡುಗೆಮನೆಯ ತೊಟ್ಟಿಯಲ್ಲಿ ಆಮೆ ತೊಳೆಯಲೇಬೇಡಿ. ಐದು ವರ್ಷದೊಳಗಿನ ಮಗುವಿರುವ ಮನೆಗೆ ಇದು ಹೇಳಿಸಿದ್ದಲ್ಲ.

ಕೆರೆಗೆ ಬಿಡಬೇಡಿ

ಸಾಕಿ ಸಾಕಾಯಿತೆಂದು ದೇವಸ್ಥಾನದ ಕೆರೆಗೋ ಸೌಪರ್ಣಿಕಾ ಹೊಳೆಗೋ ಬಿಟ್ಟರೆ ಪುಣ್ಯವಲ್ಲ. ಈ ಪರದೇಶಿ ಆಮೆ ನಮ್ಮ ಆಮೆಗಳ ಅನ್ನ, ಬಿಸಿಲಿನ ಜಾಗ ಎರಡನ್ನೂ ಕಸಿಯುತ್ತದೆ. ಇಟ್ಟುಕೊಳ್ಳಲಾಗದಿದ್ದರೆ ಅರಣ್ಯ ಇಲಾಖೆಯವರ ಸಲಹೆ ಕೇಳಿ.

ಇಷ್ಟೆಲ್ಲಕ್ಕೆ ಜಾಗ, ಪುರುಸೊತ್ತು ಇದ್ದರೆ ಮೊದಲು ತೊಟ್ಟಿ, ಆಮೇಲೆ ಆಮೆ. ಇಲ್ಲವೋ, ಮಗು ಎರಡು ದಿನ ಅತ್ತರೂ ಚಿಂತೆಯಿಲ್ಲ, "ಬೇಡ ಮಗಾ" ಎನ್ನುವುದೇ ಲೇಸು.