ಸಹಿ ಹಾಕುವ ಮುಂಚೆ ಕೊನೆಯ ಎರಡು ಸಾಲು ಓದೋಣ

ಶಿವಮೊಗ್ಗದ ಗಾಂಧಿ ಬಜಾರಿರಲಿ, ಭದ್ರಾವತಿಯ ಸಾಮಿಲ್ ಇರಲಿ, ನಮ್ಮ ಬ್ಯಾರಿಗಳ ವ್ಯಾಪಾರ ಬಹುಕಾಲ ಮಾತಿನ ಮೇಲೇ ನಡೆದದ್ದು. ತಕರಾರು ಬಂದರೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಕೂತು ಬಗೆಹರಿಸುತ್ತಿದ್ದರು. ಈಗ ಮಾಲು ಸಮುದ್ರದಾಚೆಯಿಂದ ಬರುತ್ತೆ, ಒಪ್ಪಂದ ಮೊಬೈಲಿಗೆ ಬರುತ್ತೆ. ನಾವು ನೋಡೋದು ದರ, ತೂಕ, ತಾರೀಖು ಅಷ್ಟೇ. ಯಾವ ದೇಶದ ಕಾನೂನು, ಎಲ್ಲಿ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ಎಂಬ ಕೊನೆಯ ಎರಡು ಸಾಲು ಓದೋದೇ ಇಲ್ಲ.

ಭದ್ರಾವತಿಯ ಸಾಮಿಲ್ಲೊಂದು ನ್ಯೂಜಿಲೆಂಡಿನಿಂದ ಪೈನ್ ಮರ ತರಿಸಿತು ಎಂದಿಟ್ಟುಕೊಳ್ಳಿ. ಒಪ್ಪಂದದಲ್ಲಿ ‘ನ್ಯೂಜಿಲೆಂಡ್ ಕಾನೂನು, ಸಿಂಗಾಪುರದಲ್ಲಿ ಮಧ್ಯಸ್ಥಿಕೆ’ ಎಂದಿದೆ. ದೇಶದೇಶಗಳ ನಡುವಿನ ಸರಕು ಮಾರಾಟಕ್ಕೆ ಒಂದೇ ನಿಯಮ ಇರಲೆಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ 1980ರಲ್ಲಿ ವಿಯೆನ್ನಾ ಒಡಂಬಡಿಕೆ ಆಯಿತು. ಭಾರತ ಅದಕ್ಕೆ ಸೇರಿಲ್ಲ, ನ್ಯೂಜಿಲೆಂಡ್ ಸೇರಿದೆ. ಹಾಗಾಗಿ ಆ ದೇಶದ ಕಾನೂನನ್ನು ಒಪ್ಪಿ, ಒಡಂಬಡಿಕೆ ಬೇಡವೆಂದು ಬರೆಯದಿದ್ದರೆ ಅದೂ ಜೊತೆಗೇ ಬರುತ್ತದೆ.

ಬಂದರೇನು? ನಮ್ಮ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಮಾಲು ಸ್ವೀಕರಿಸಿದ ಮೇಲೂ ಪರಿಹಾರ ಕೇಳುವ ದಾರಿ ಇದೆ. ವಿಯೆನ್ನಾ ನಿಯಮದಲ್ಲಿ ಮಾಲನ್ನು ಆದಷ್ಟು ಬೇಗ ಪರೀಕ್ಷಿಸಿ, ‘ಇಂಥ ದೋಷ’ ಎಂದು ಸಕಾಲದಲ್ಲಿ ತಿಳಿಸಬೇಕು. ಹೆಚ್ಚೆಂದರೆ 2 ವರ್ಷ. ತಿಳಿಸದಿದ್ದರೆ ಸಾಮಾನ್ಯವಾಗಿ ಹಕ್ಕೇ ಹೋಗುತ್ತೆ. ಮೂರು ತಿಂಗಳು ಅಂಗಳದಲ್ಲಿ ಬಿದ್ದ ದಿಮ್ಮಿಯನ್ನು ಕೊಯ್ಯುವಾಗ ಕೊಳೆತದ್ದು ಕಂಡರೆ, ಮಾರಿದವನು ‘ತಡವಾಯ್ತು’ ಅಂದುಬಿಡಬಹುದು.

‘ನಮ್ಮ ದೇಶ ಸೇರಿಲ್ಲವಲ್ಲ, ಇಲ್ಲಿನ ಕೋರ್ಟು ನೋಡಿಕೊಳ್ಳುತ್ತೆ’ ಅನ್ನೋ ಹಾಗಿಲ್ಲ. ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು ಜಾರಿ ಮಾಡುವ 1958ರ ನ್ಯೂಯಾರ್ಕ್ ಒಡಂಬಡಿಕೆಗೆ ಭಾರತ 1960ರಲ್ಲೇ ಸೇರಿದೆ. 1996ರ ನಮ್ಮ ಮಧ್ಯಸ್ಥಿಕೆ ಕಾಯ್ದೆ ಪ್ರಕಾರ ಅಂಥ ತೀರ್ಪನ್ನು ತಡೆಯಲು ಕಾರಣಗಳು ಕೆಲವೇ. ‘ಕಾನೂನನ್ನು ತಪ್ಪಾಗಿ ಅರ್ಥ ಮಾಡಿಕೊಂಡರು’ ಎಂಬಷ್ಟೇ ಸಾಲದು. ಅಂದರೆ ವಿಯೆನ್ನಾ ಒಡಂಬಡಿಕೆ ಯಾರ ಹಕ್ಕು ಎಷ್ಟು ಎಂದು ಹೇಳುತ್ತದೆ, ನ್ಯೂಯಾರ್ಕ್ ಒಡಂಬಡಿಕೆ ಆ ತೀರ್ಪನ್ನು ಭದ್ರಾವತಿಯ ಬಾಗಿಲಿಗೆ ತಲುಪಿಸುತ್ತದೆ.

ನಮ್ಮ ಮನೆಮಕ್ಕಳು ದುಡಿಯುವ ಕೊಲ್ಲಿಯಲ್ಲೂ ಇದು ಹತ್ತಿರವಾಗುತ್ತಿದೆ. ಬಹರೈನ್ ಮೊದಲೇ ವಿಯೆನ್ನಾ ಒಡಂಬಡಿಕೆಗೆ ಸೇರಿತ್ತು, ಸೌದಿ ಅರೇಬಿಯಾ 2023ರಲ್ಲಿ ಸೇರಿತು.

ಹೆದರಬೇಕಿಲ್ಲ. ಈ ಒಡಂಬಡಿಕೆಯೇ ‘ಬೇಡವಾದರೆ ಬಿಡಿ’ ಎಂದು ಅವಕಾಶ ಕೊಟ್ಟಿದೆ, ಆದರೆ ಅದನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಸಬೇಕು. ಭಾರತದ ಕಾನೂನೇ ಇರಲಿ ಎಂದು ಕೇಳಿ ನೋಡಬಹುದು. ಅದೂ ಆಗದಿದ್ದರೆ ಮಾಲು ಇಳಿದ ದಿನವೇ ನೋಡಿ, ಫೋಟೊ ತೆಗೆದು, ದೋಷವಿದ್ದರೆ ಕೂಡಲೇ ಇ-ಮೇಲ್ ಕಳಿಸಿ. ಸಹಿಗೆ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿದರೆ ಖರ್ಚು ಸ್ವಲ್ಪ. ತೋರಿಸದೆ ಸಿಂಗಾಪುರಕ್ಕೆ ಹೋಗಿ ವಾದಿಸುವ ಖರ್ಚು ಮನೆಯನ್ನೇ ಅಲ್ಲಾಡಿಸೀತು.